ಹಿಕ್ಕೆ ಎಣಿಸುವವಳು

ಜಗಳೂರು ಬಸ್ ಸ್ಟ್ಯಾಂಡಿನೆದುರು
ಮಿರ್ಚಿ ಬಾಣಲೆಯ ಘಾಟು ಏರಿಬರುವ ಮಹಡಿಯಲ್ಲಿ
ದಾದಾಪೀರಣ್ಣನ ಸ್ಟುಡಿಯೊ.
ಆರು ವರ್ಷ ಅಲ್ಲಿ ಕೂತು ಮದುಮಕ್ಕಳ ಮೊಡವೆ ಅಳಿಸಿದೆ,
ಹಣೆಯ ಬೆವರು, ಕೊರಳ ಗೆರೆ, ಅತ್ತ ಕಣ್ಣಿನ ಕೆಂಪು.
ಮುನಿಸಿಕೊಂಡು ಬಾರದ ಸೋದರಮಾವನನ್ನು
ಹಳೆಯ ಮದುವೆಯೊಂದರಿಂದ ಕತ್ತರಿಸಿ ತಂದು
ಆರತಕ್ಷತೆಯ ಸಾಲಿನಲ್ಲಿ ನಿಲ್ಲಿಸಿದೆ.
ಹಿಂದೆ ಹಿಮದ ಬೆಟ್ಟ, ಮುಂದೆ ಕೊಳ, ಎರಡು ಹಂಸ:
ಅವೇ ನಾನು ದುಡಿಮೆಗೆ ಹಚ್ಚಿದ ಮೊದಲ ಕಾಡುಪ್ರಾಣಿ.

ಒಂದು ಸಂಜೆ ಇಲಾಖೆಯ ಜೀಪಿನವರು
ಉಗುರಿನಷ್ಟು ಕಾರ್ಡೊಂದನ್ನು ಮೇಜಿನ ಮೇಲಿಟ್ಟರು.
ರಂಗಯ್ಯನದುರ್ಗದ ಮರಕ್ಕೆ ಕಟ್ಟಿದ ಕ್ಯಾಮೆರಾದ್ದು,
ಒಂಬತ್ತು ಸಾವಿರ ಚಿತ್ರ, ಖಾಲಿಯವನ್ನು ತೆಗೆದುಕೊಡಮ್ಮ.
ಗಾಳಿಗೆ ಅಲುಗಿದ ಹುಲ್ಲು. ಅಲುಗಿದ ಹುಲ್ಲು. ಮೇಕೆ.
ಬೀಡಿ ಹಚ್ಚುವ ಕುರಿಗಾಹಿಯ ಗದ್ದ. ಹುಲ್ಲು.
ಆಮೇಲೆ, ಬೆಳಗಿನ ಜಾವ ನಾಲ್ಕು ಹದಿನೇಳಕ್ಕೆ,
ಕೊಂಡುಕುರಿ.
ಹಿಂದೆ ಬೆರಳುದ್ದದ ಎರಡು ಕೊಂಬು,
ಮುಂದೆ ಹುಣಿಸೆ ಬೀಜದಷ್ಟರವು ಇನ್ನೆರಡು,
ಎತ್ತಿದ ಕಾಲು ಇಡಲೋ ಬೇಡವೋ ಎಂಬಂತೆ ನಿಂತು
ನನ್ನನ್ನೇ ನೋಡುತ್ತಿತ್ತು.
ಮೌಸಿನ ಮೇಲೆ ಬೆರಳು ತಾನಾಗಿ ಆಡಿತು, ಅಭ್ಯಾಸ.
ಅಳಿಸಲು ಏನೂ ಇರಲಿಲ್ಲ.

"ಪ್ರಾಣಿ ನೋಡಾಕ ಬಂದೀಯೇನು? ಮೊದ್ಲು ನೆಲ ನೋಡು"
ಅಂದ ವಾಚರ್ ಪಾಲಯ್ಯ.
ಕಮರದ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು
ಹಿಕ್ಕೆಯ ಗುಡ್ಡೆಯನ್ನು ಕಡ್ಡಿಯಿಂದ ಬಿಡಿಸಿದ:
ಹೊಳೆಯುವುದು ಇವತ್ತಿಂದು, ಬಿರುಕು ಬಿಟ್ಟದ್ದು ಹೋದ ವಾರದ್ದು.
"ಎಲ್ಲಿ ಮೇದ್ರೂ ಇಲ್ಲಿಗೇ ಬರ್ತೈತಿ.
ನಮ್ಮೂರ ಮಂದಿಗಿಂತ ಶಿಸ್ತು."

ಚೀಟಿ ಎತ್ತಿ, ದಾವಣಗೆರೆಯ ಅಶೋಕ ರಸ್ತೆಯಲ್ಲಿ
ಯಾರೋ ಬಳಸಿ ಬಿಟ್ಟ ಉದ್ದ ಲೆನ್ಸು ಕೊಂಡೆ.
ಗಾಜಿನೊಳಗೆ ಒಂದು ಚುಕ್ಕಿ ಬೂಷ್ಟು.
ನನ್ನ ಎಲ್ಲ ಆಕಾಶಗಳ ಎಡಮೂಲೆಯಲ್ಲೂ ಅದಿದೆ.
ಲಗ್ನದ ತಿಂಗಳಲ್ಲಿ ಲಗ್ನ, ಉಳಿದಂತೆ ಕಾಡು,
ಗಣತಿಗೆ ದಿನಗೂಲಿ, ಅದೂ ಬಂದಾಗ ಬಂತು.
"ಗಂಡಿನ ಕಡೆಯವ್ರಿಗೆ ಏನಂತ ಹೇಳ್ಲೇ, ಕರಿಬಸಿ?"
ಹಿಕ್ಕೆ ಎಣಿಸ್ತಾಳೆ ಅನ್ನು, ಚಿಕ್ಕಮ್ಮಾ.
ಅವಳು ಫಾರೆಸ್ಟು ಅಂದಳು.
ಅವರು ಇಪ್ಪತ್ತು ತೇಗದ ಸಸಿ ಕೇಳಿದರು.

ಮೂರನೆಯ ಬೇಸಿಗೆಗೆ ತಾಯಿ, ಮರಿ ಒಂದೇ ಚೌಕಟ್ಟಿಗೆ ಬಂದವು.
ದಾವಣಗೆರೆಯ ಪ್ರದರ್ಶನದಲ್ಲಿ ಕೊರಳಿಗೆ ಹಾರ,
ಬಹುಮಾನದ ಚೆಕ್ಕು, ಬೆನ್ನು ತಟ್ಟುವ ಕೈಗಳು.
ಎಲ್ಲಿ ಸಿಕ್ತು ಮೇಡಂ?
ಬಾಯಿ ಸಿಹಿಯಾಗಿತ್ತು. ಹೇಳಿಬಿಟ್ಟೆ.
ಒಣ ಹಳ್ಳ ದಾಟಿ, ಜೋಡಿ ದಿಂಡಗದ ಬಲಕ್ಕೆ.
ಮುಂದಿನ ಭಾನುವಾರ ಮೂರು ಕಾರು.
ಅದು ಇತ್ತ ತಿರುಗಲೆಂದು ಒಬ್ಬ ಕಲ್ಲು ಬೀರಿದನಂತೆ,
ಸಣ್ಣ ಕಲ್ಲು, ಅಂದ ಪಾಲಯ್ಯ, ಅಷ್ಟೇ ಅಂದ.

ಹಿಕ್ಕೆ ಬೂದಿಬಣ್ಣಕ್ಕೆ ತಿರುಗಿತು.
ಗೆದ್ದಲು ಬಂತು. ಹೊಸದು ಬೀಳಲಿಲ್ಲ.
ಐದು ತಿಂಗಳು ದಿನಾ ಹೋಗಿ
ಪುಸ್ತಕದಲ್ಲಿ ಸೊನ್ನೆ ಬರೆದು ಬಂದೆ.
ದೂರದ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು
ನನ್ನ ಬದಲು ಯಾವುದನ್ನೋ ಎಣಿಸುತ್ತಿದ್ದವು.
ಪಾಲಯ್ಯ ಬೈಯಲಿಲ್ಲ.
ಬಂದರಿಕೆಯ ಕೊಂಬೆ ಮುರಿದು
ಹೋಗುವಾಗಿನ ನಮ್ಮ ಹೆಜ್ಜೆಗಳನ್ನು
ಬರುವಾಗ ಗುಡಿಸುತ್ತ ಬಂದ, ಅಷ್ಟೇ.
ನಾನೂ ಇನ್ನೊಂದು ಕೊಂಬೆ ಮುರಿದೆ.
ಅಳಿಸುವುದು ಗೊತ್ತಿದ್ದ ಕೆಲಸ.

ಈಗ ನನ್ನ ಚಿತ್ರಗಳ ಕೆಳಗೆ ತಾಲ್ಲೂಕಿನ ಹೆಸರೂ ಇಲ್ಲ.
ಗುರುತಿನ ಬಂಡೆಯನ್ನು ಮಸುಕಾಗಿಸುತ್ತೇನೆ.
ಕೇಳಿದವರಿಗೆ ಚಹಾ ಕೊಡಿಸುತ್ತೇನೆ, ದಾರಿ ಕೊಡುವುದಿಲ್ಲ.
ಸೊಕ್ಕಿನವಳು ಅಂತ ಹೆಸರು ಬಂದಿದೆ, ಇರಲಿ.

ನಿನ್ನೆ, ಇಬ್ಬನಿ ಆರುವ ಮೊದಲು,
ಹಳ್ಳದ ಈಚೆ, ಯಾವತ್ತೂ ಇರದ ಜಾಗದಲ್ಲಿ
ಕರ್ರಗೆ, ಹೊಳೆಯುತ್ತ, ಒಂದು ಪುಟ್ಟ ಗುಡ್ಡೆ.
ಕ್ಯಾಮೆರಾ ಚೀಲದಲ್ಲೇ ಇತ್ತು. ತೆಗೆಯಲಿಲ್ಲ.
ಪುಸ್ತಕ ತೆಗೆದೆ: ತಾರೀಖು. ಗಾಳಿ ಇಲ್ಲ.
ಹಸಿ. ಮೂವತ್ತೊಂದು.
ಪಾಲಯ್ಯ ಕನ್ನಡಕ ಒರೆಸಿ ಮತ್ತೆ ಎಣಿಸಿ
ಮೂವತ್ತೆರಡು ಅಂದ.
ತಿದ್ದಿಕೊಂಡೆ.